ಫಾರ್ಮ್ಯಾಟ್ ಹೊಡೆಯುವ ಮುಂಚೆ

"ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೆದು ಕೊಟ್ಬಿಡಿ" ಎನ್ನುತ್ತಲೇ ಕೌಂಟರ್ ಮೇಲೆ ಸಿಪಿಯು ಇಡುವವರು ಹೆಚ್ಚು. "ಒಳಗೆ ಬೇಕಾದ್ದೇನಾದರೂ ಇದೆಯಾ?" ಎಂದರೆ, "ಏನಿಲ್ಲ, ಎಲ್ಲಾ ಡಿ ಡ್ರೈವಲ್ಲಿದೆ" ಎಂಬ ಉತ್ತರ. ಈ ಮಾತನ್ನು ನಾನು ನಂಬುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ. ಬೇರೆ ಜಾಗ ತೋರಿಸದಿದ್ದರೆ ಟ್ಯಾಲಿಪ್ರೈಮ್ ಲೆಕ್ಕವೂ ಅಲ್ಲೇ, ಪಬ್ಲಿಕ್ ಎಂಬ ಒಳಫೋಲ್ಡರಿನಲ್ಲಿ ಕೂತಿರುತ್ತದೆ. ಇನ್ನು ಲ್ಯಾಪ್‌ಟಾಪಿನ ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕೇ ಕೈಕೊಟ್ಟರೆ ಡಿ ಕೂಡ ಉಳಿಯುವುದಿಲ್ಲ.

ಹಾಗಾಗಿ ಮೊದಲು ತಿಳಿಯಬೇಕಾದ್ದು ಕೆಟ್ಟಿರುವುದು ವಿಂಡೋಸೋ ಡಿಸ್ಕೋ ಎಂಬುದು. ಇದಕ್ಕೆ ನಾನು ಬಳಸುವುದು ವಿಂಡೋಸಿನಂಥದ್ದೇ ಇನ್ನೊಂದು ಉಚಿತ ಕಾರ್ಯಾಚರಣೆ ವ್ಯವಸ್ಥೆ, ಲಿನಕ್ಸ್ ಮಿಂಟ್ ಹಾಕಿಟ್ಟ ಪೆನ್‌ಡ್ರೈವ್. ಆನ್ ಮಾಡುವಾಗ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ, ಯಾವುದರಿಂದ ಶುರುವಾಗಬೇಕು ಎಂದು ಕೇಳುವ ಬೂಟ್ ಮೆನು ಬರುತ್ತದೆ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡುವುದರಿಂದ ಒಳಗಿನ ಡಿಸ್ಕಿಗೆ ಒಂದಕ್ಷರವೂ ಬರೆಯಬೇಕಿಲ್ಲ. ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದಿದ್ದಾಗ ಅದರ ಡ್ರೈವ್ ಎಷ್ಟೋ ಸಲ ಓದಲು ಮಾತ್ರ ತೆರೆಯುತ್ತದೆ. ನಮಗೆ ಬೇಕಾದ್ದೂ ಅಷ್ಟೇ.

ಕಾಪಿಗೆ ಕೈಹಾಕುವ ಮುಂಚೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ನೋಡಿ. 'ಕರೆಂಟ್ ಪೆಂಡಿಂಗ್ ಸೆಕ್ಟರ್' (ಓದಲು ತೊಂದರೆ ಕೊಡುತ್ತಿರುವ ಜಾಗಗಳ ಎಣಿಕೆ) ಎಂಬ ಸಾಲಿನಲ್ಲಿ ಸೊನ್ನೆ ಇದ್ದರೆ ಸ್ವಲ್ಪ ನಿರಾಳ. ಅಂಕಿ ಇದ್ದು, ಮತ್ತೆ ನೋಡಿದಾಗ ಏರಿದ್ದರೆ ಡಿಸ್ಕ್ ಸಾಯುತ್ತಿದೆ. ಆಗ ಫೋಲ್ಡರ್ ಎಳೆದು ಕಾಪಿ ಹಾಕಬಾರದು. ಹಾಳಾದ ಜಾಗ ಸಿಕ್ಕಲ್ಲಿ ಕಾಪಿ ವೇಗ ಕೆಬಿಗಳಿಗಿಳಿದು, ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗಿ ಇನ್ನಷ್ಟು ಕೆಡುತ್ತದೆ. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಹಾಗಲ್ಲ. ಸಲೀಸಾಗಿ ಓದಲು ಬರುವುದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಎತ್ತಿಕೊಂಡು, ತೊಂದರೆಯ ಜಾಗಕ್ಕೆ ಕೊನೆಯಲ್ಲಿ ಹಿಂದಿರುಗುತ್ತದೆ. ಎಲ್ಲಿವರೆಗೆ ಬಂದಿದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಇಂಥ ಡಿಸ್ಕಿನ ಮೇಲೆ ವಿಂಡೋಸಿನ ಚೆಕ್‌ಡಿಸ್ಕ್ ಸಾಧನ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಫೈಲ್ ವ್ಯವಸ್ಥೆಯನ್ನು ನೆಟ್ಟಗೆ ಮಾಡಲು ಹುಟ್ಟಿದ್ದು, ನಿಮ್ಮ ಫೋಟೊ ಉಳಿಸಲು ಅಲ್ಲ. ಟಕ್ ಟಕ್ ಸದ್ದು ಬರುತ್ತಿದ್ದರಂತೂ ತಕ್ಷಣ ಆಫ್ ಮಾಡಿ. ಡಿಸ್ಕನ್ನು ಓದುವ ಹೆಡ್ ಹೋಗಿರುವ ಸಾಧ್ಯತೆಯೇ ಹೆಚ್ಚು, ಅಂಥ ಡಿಸ್ಕನ್ನು ಬಿಚ್ಚಬೇಕಾದ್ದು ಧೂಳಿಲ್ಲದ ಲ್ಯಾಬಿನಲ್ಲಿ. ಖರ್ಚು ಜಾಸ್ತಿ, ಒಳಗಿರುವುದು ಅಷ್ಟು ಬಾಳುತ್ತದಾ ಎಂದು ಗಿರಾಕಿಯೇ ಹೇಳಬೇಕು.

ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯದು ಬೇರೆ ಕಥೆ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಳಿಸಿದ್ದು, ಅದರ ಮೇಲೆ ಬೇರೇನೂ ಬರೆಯದಿದ್ದರೆ, ಎಷ್ಟೋ ಸಲ ವಾಪಸ್ ಸಿಗುತ್ತದೆ. ಎಸ್‌ಎಸ್‌ಡಿ ಫಾರ್ಮ್ಯಾಟ್ ಆದರೆ 'ಈ ಜಾಗ ಇನ್ನು ಬೇಡ' ಎಂದು ಅದಕ್ಕೆ ತಿಳಿಸುವ ಟ್ರಿಮ್ ಆಜ್ಞೆ ಹೋಗಿ, ರಿಕವರಿ ಸಾಫ್ಟ್‌ವೇರಿಗೆ ಬಹುಪಾಲು ಸೊನ್ನೆಗಳೇ ಕಾಣುತ್ತವೆ.

ಇತ್ತೀಚೆಗೆ ಇದಕ್ಕಿಂತ ದೊಡ್ಡ ತಲೆನೋವು ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ವಿಂಡೋಸಿನ ಬೀಗ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ, ಹೊಸ ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿಗೆ ಸಾಮಾನ್ಯವಾಗಿ ತಾನಾಗಿಯೇ ಬೀಗ ಬೀಳುತ್ತದೆ. ತೆಗೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಅದು ಆ ಖಾತೆಯಲ್ಲೇ ಇರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಆದರೆ ಖಾತೆ ಯಾವುದು? ಕೊಂಡ ದಿನ ಅಂಗಡಿ ಹುಡುಗ ಯಾವುದೋ ಇಮೇಲ್ ಹಾಕಿ ತೆರೆದಿರುತ್ತಾನೆ. ಕೀ ಸಿಕ್ಕರೆ ಡಿಸ್ಕನ್ನು ಇನ್ನೊಂದು ವಿಂಡೋಸ್ ಯಂತ್ರಕ್ಕೆ ಹಾಕಿ ತೆರೆಯಬಹುದು. ಸಿಗದಿದ್ದರೆ ನನ್ನಿಂದಲೂ ಆಗದು, ಬೇರೆಯವರಿಂದಲೂ ಆಗದು.

ಕಾಪಿ ಮುಗಿದ ಮೇಲೆ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕಾರು ಫೈಲ್ ತೆರೆದು ತೋರಿಸುತ್ತೇನೆ. ಎಫ್‌ಎಟಿ32 ಎಂಬ ಹಳೆಯ ಫೈಲ್ ವ್ಯವಸ್ಥೆಯ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಮದುವೆ ವಿಡಿಯೊ ಬಿಟ್ಟುಹೋಗುವುದು ಹೀಗೆಯೇ. ಆಮೇಲೆ ಬ್ಯಾಕಪ್ ಡಿಸ್ಕನ್ನು ಕಿತ್ತು ಪಕ್ಕಕ್ಕಿಟ್ಟೇ ಇನ್‌ಸ್ಟಾಲ್ ಶುರು. ಇಲ್ಲದಿದ್ದರೆ ಪಾರ್ಟಿಶನ್ ಪಟ್ಟಿಯಲ್ಲಿ ತಪ್ಪು ಡಿಸ್ಕ್ ಅಳಿಸಲು ಒಂದು ಕ್ಲಿಕ್ ಸಾಕು. ಉಳಿದದ್ದು ಸಲೀಸು: ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಡುವ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್, 8 ಜಿಬಿ ಪೆನ್‌ಡ್ರೈವ್. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಆದರೆ ನೆಟ್ ಸಿಕ್ಕೊಡನೆ ತಾನೇ ಆಕ್ಟಿವೇಟ್ ಆಗುತ್ತದೆ.

ಡಿಟಿಪಿಯವರಿಗೆ, ವಕೀಲರ ಟೈಪಿಸ್ಟರಿಗೆ ಇನ್ನೊಂದು ಮಾತು. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕಡತ ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ಅದು ರೋಮನ್ ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ, "ನನ್ನ ಡೇಟಾ ಹಾಳು ಮಾಡಿದ್ರಿ" ಎಂದು ಫೋನ್ ಬರುತ್ತದೆ. ಫಾಂಟ್ ಹಾಕಿದರೆ ಮುಗಿಯಿತು.