ಮಹಾಪಧಮನಿಯ ಅಗಲ: ವಯಸ್ಸಿನ ಪಾಲೆಷ್ಟು, ಬೀಡಿ–ಬಿಪಿಯ ಪಾಲೆಷ್ಟು?

ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟಿನಲ್ಲಿ ಆರೋಹಿ ಮಹಾಪಧಮನಿ (ಹೃದಯದಿಂದ ಹೊರಟು ಉದರದವರೆಗೆ ಇಳಿಯುವ ಮುಖ್ಯ ರಕ್ತನಾಳದ ಮೊದಲ, ಮೇಲೇರುವ ಭಾಗ) 39 ಮಿ.ಮೀ. ಎಂದಿದೆ. ಹೆಚ್ಚೋ, ಸರಿಯೋ? ಎಪ್ಪತ್ತು ದಾಟಿದ ಆರಡಿ ಎತ್ತರದ ಗಂಡಸಿಗಾದರೆ ಗಾಬರಿ ಬೇಕಿಲ್ಲ; ಇಪ್ಪತ್ತೈದರ, ಐದಡಿಯ ಹುಡುಗಿಗಾದರೆ ಹಿಗ್ಗಿದೆ ಎಂದೇ ಅರ್ಥ. ವಯಸ್ಸು, ಲಿಂಗ, ಮೈಗಾತ್ರ ಪಕ್ಕದಲ್ಲಿಲ್ಲದೆ ಈ ಅಂಕಿಯನ್ನು ಓದಲೇಬಾರದು.

ವಯಸ್ಸು ಮಾಡುವುದೇನು? ಈ ರಕ್ತನಾಳದ ಗೋಡೆಯ ನಡುಪದರದಲ್ಲಿ ಎಲಾಸ್ಟಿನ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಪ್ರೋಟೀನು) ಹಾಳೆಗಳಿವೆ. ಗರ್ಭದಲ್ಲೂ ಬಾಲ್ಯದಲ್ಲೂ ತಯಾರಾದದ್ದೇ ಅದರ ಬಂಡವಾಳ, ಆಮೇಲೆ ಹೊಸದು ಹುಟ್ಟುವುದು ತೀರಾ ಕಡಿಮೆ. ನಿಮಿಷಕ್ಕೆ 70 ಬಡಿತವೆಂದರೂ ವರ್ಷಕ್ಕೆ 3.6 ಕೋಟಿಗೂ ಹೆಚ್ಚು ಸಲ ಹಿಗ್ಗಿ ಕುಗ್ಗಿ, ಹಾಳೆಗಳು ತುಂಡಾಗುತ್ತವೆ. ಭಾರ ಕೊಲಾಜೆನ್ ಎಂಬ ಗಟ್ಟಿ ನಾರಿನ ಪ್ರೋಟೀನಿನ ಮೇಲೆ ಬೀಳುತ್ತದೆ. ಅದಕ್ಕೆ ಬಲವಿದೆ, ಹಿಗ್ಗುವ ಗುಣವಿಲ್ಲ. ಹೀಗೆ ಗೋಡೆ ಬಿರುಸಾಗುತ್ತದೆ, ಕೊಳವೆ ಅಗಲವೂ ಉದ್ದವೂ ಆಗುತ್ತದೆ. ಆರೋಗ್ಯವಂತರಲ್ಲಿ ಅಗಲ ಏರುವುದು ದಶಕಕ್ಕೆ ಸುಮಾರು 1 ಮಿ.ಮೀ. ಮಾತ್ರ.

ಆದ್ದರಿಂದ ಒಂದೇ ವರ್ಷದಲ್ಲಿ 3 ಮಿ.ಮೀ. ಏರಿದೆ ಎಂದರೆ ವಯಸ್ಸನ್ನು ದೂರಬೇಡಿ, ಮೊದಲು ಅಳತೆಯನ್ನೇ ಅನುಮಾನಿಸಿ. ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಹೋಳು ಉದ್ದವಾಗುವುದಿಲ್ಲವೇ? 40 ಮಿ.ಮೀ. ಕೊಳವೆಯನ್ನು 30 ಡಿಗ್ರಿ ಓರೆಯಾಗಿ ಅಳೆದರೆ 46 ಮಿ.ಮೀ. ಬರುತ್ತದೆ. ಕೊಳವೆಯ ಅಕ್ಷಕ್ಕೆ ನೇರ ಅಡ್ಡವಾಗಿಯೇ ಅಳೆಯಬೇಕು. ಹಿಂದಿನ ಸಲ ಗೋಡೆಯ ಒಳ ಅಂಚು, ಈ ಸಲ ಹೊರ ಅಂಚು ಹಿಡಿದಿದ್ದರೂ ಸುಳ್ಳು ಏರಿಕೆ ಕಾಣುತ್ತದೆ. ಹಳೆಯ ಚಿತ್ರ ತರಿಸಿ, ಅದೇ ಜಾಗವನ್ನು ಅದೇ ವಿಧಾನದಲ್ಲಿ ಅಳೆಯಿರಿ.

ಅಪಾಯಕಾರಿ ಅಂಶಗಳು ಮಾತ್ರ ಜಾಗ ನೋಡಿ ಕೆಲಸ ಮಾಡುತ್ತವೆ. ಉದರದ ಭಾಗಕ್ಕೆ ದೊಡ್ಡ ಶತ್ರು ಬೀಡಿ–ಸಿಗರೇಟು: ಉರಿಯೂತ ಹೆಚ್ಚಿ, ಎಲಾಸ್ಟಿನ್ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ. ಎದೆಯ ಆರೋಹಿ ಭಾಗದಲ್ಲಿ ಮುಖ್ಯವಾಗುವುದು ವಂಶವಾಹಿ ದೋಷ (ಉದಾಹರಣೆಗೆ, ಅಂಗಾಂಶಗಳನ್ನು ದುರ್ಬಲಗೊಳಿಸುವ ಮಾರ್ಫಾನ್ ಕಾಯಿಲೆ), ಮಹಾಪಧಮನಿಯ ಬುಡದ ಕವಾಟಕ್ಕೆ ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳು ಇರುವುದು, ಮತ್ತು ಬಿಪಿ. ಬಿಪಿಯಿಂದ ಅಗಲ ಏರುವುದು ಎಣಿಸಿದಷ್ಟಲ್ಲ. ಆದರೆ ಗೋಡೆ ಸೀಳುವುದರಲ್ಲಿ ಅದರ ಪಾತ್ರ ದೊಡ್ಡದು. ಹಲವರು ಎಡವುವ ಜಾಗ ಸಕ್ಕರೆ ಕಾಯಿಲೆ: ಬೇರೆ ರಕ್ತನಾಳಗಳನ್ನು ಕೆಡಿಸುವ ಅದೇ ಕಾಯಿಲೆ ಇರುವವರಲ್ಲಿ ಉದರದ ಅನ್ಯೂರಿಸಂ (ರಕ್ತನಾಳ ಅತಿಯಾಗಿ ಉಬ್ಬುವುದು) ಕಡಿಮೆ, ಬೆಳವಣಿಗೆಯೂ ನಿಧಾನ.

ಅಗಲವಾದಷ್ಟೂ ಅಪಾಯ ಏರುವುದೇಕೆ? ಲಾಪ್ಲಾಸ್ ನಿಯಮ: ಗೋಡೆಯ ಮೇಲಿನ ಒತ್ತಡ = ರಕ್ತದೊತ್ತಡ × ತ್ರಿಜ್ಯ ÷ ಗೋಡೆಯ ದಪ್ಪ. ತ್ರಿಜ್ಯ ಇಮ್ಮಡಿಯಾಗಿ ಗೋಡೆಯೂ ತೆಳುವಾದರೆ, ಬಿಪಿ ಬದಲಾಗದಿದ್ದರೂ ಭಾರ ಇಮ್ಮಡಿಗಿಂತ ಹೆಚ್ಚು.

ಉದರದಲ್ಲಿ ಸಾಮಾನ್ಯ ಅಗಲ ಸುಮಾರು 2 ಸೆಂ.ಮೀ.; 3 ಮುಟ್ಟಿದರೆ ಅನ್ಯೂರಿಸಂ. ಶಸ್ತ್ರಚಿಕಿತ್ಸೆಯ ಮಾತು ಗಂಡಸರಿಗೆ 5.5ಕ್ಕೆ, ಹೆಂಗಸರಿಗೆ 5ಕ್ಕೇ ಬರುತ್ತದೆ, ಏಕೆಂದರೆ ಅವರಲ್ಲಿ ಸಣ್ಣ ಅಗಲದಲ್ಲೇ ಒಡೆಯುವುದುಂಟು.