ಟೇಪು ಜಾರಿದ ಜಾಗ

ನನಗೆ ಹದಿಮೂರಾಗಿದ್ದಾಗ ಚಿಕ್ಕಪ್ಪ ಬೆಂಗಳೂರಿನಿಂದ ಸಾಗರಕ್ಕೆ ಬರುವಾಗ ಒಂದು ಕ್ಯಾಸೆಟ್ ತಂದಿದ್ದರು. ಕಂಪನಿಯದ್ದಲ್ಲ, ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಅಂಗಡಿಯಲ್ಲಿ ಕೊಟ್ಟು ತುಂಬಿಸಿಕೊಂಡದ್ದು. ಎರಡೂ ಬದಿ ಇಂಗ್ಲೆಂಡಿನ ರಾಕ್ ಬ್ಯಾಂಡು ಬೀಟಲ್ಸ್. ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಶಾಲೆಯಿಂದ ಬಂದವನು ಚೀಲ ಇಡುವ ಮೊದಲು ಅದನ್ನು ಹಾಕುತ್ತಿದ್ದೆ. ಒಂದು ಮಳೆಗಾಲದಲ್ಲಿ ಟೇಪ್ ರೆಕಾರ್ಡರ್ ಆ ಟೇಪನ್ನು ನುಂಗಿತು. ಬಿಡಿಸಿ, ಬೆರಳಲ್ಲಿ ನೀವಿ, ಮತ್ತೆ ಸುತ್ತಿದೆವು. ಹಾಡೇನೋ ಉಳಿಯಿತು. ಆದರೆ ‘ಹಿಯರ್ ಕಮ್ಸ್ ದ ಸನ್’ ಹಾಡಿನ ನಡುವೆ ಒಂದು ಕಡೆ ಸ್ವರ ತುಸು ಕೆಳಗೆ ಜಾರಿ, ತಟ್ಟನೆ ಮೇಲೆ ಬರುತ್ತಿತ್ತು. ಗಿಟಾರನ್ನು ಯಾರೋ ನೀರಲ್ಲಿ ಅದ್ದಿ ತೆಗೆದ ಹಾಗೆ.

ಎಷ್ಟೋ ವರ್ಷದ ಮೇಲೆ ಅದೇ ಹಾಡನ್ನು ಸಿ.ಡಿ.ಯಲ್ಲಿ ಕೇಳಿದೆ. ಆ ಜಾಗ ಹತ್ತಿರ ಬಂದಂತೆ ನನಗೆ ಗೊತ್ತಿಲ್ಲದೆಯೇ ಉಸಿರು ಬಿಗಿ ಹಿಡಿದೆ. ಸ್ವರ ಜಾರಲಿಲ್ಲ, ನೆಟ್ಟಗೆ ಮುಂದೆ ಹೋಯಿತು. ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಇಟ್ಟ ಕಾಲಿಗೆ ನೆಲವೇ ಸಿಕ್ಕಿದ ಹಾಗಾಯಿತು. ಹಾಡು ಸರಿಯಾಗಿತ್ತು, ನನ್ನ ಕಿವಿಗೆ ಅದೇ ತಪ್ಪಾಗಿ ಕೇಳಿಸಿತು.

ಮೊದಮೊದಲು ಕೇಳಿದ ಬ್ಯಾಂಡು ನಮಗೆ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಆ ಜಾಗವೇ ನೆನಪಾಗುತ್ತದೆ. ಹಾಡು ಕೇಳುವಾಗ ಮೆದುಳು ಸುಮ್ಮನೆ ಕೂತಿರುವುದಿಲ್ಲ. ಮುಂದಿನ ಸ್ವರ ಯಾವುದು, ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಕ್ಷಣಕ್ಷಣವೂ ಊಹಿಸುತ್ತ ಹೋಗುತ್ತದೆ. ಆ ಊಹೆಯ ಅಳತೆಗೋಲನ್ನು ಅದಕ್ಕೆ ಕೊಟ್ಟದ್ದು ಹಿಂದೆ ಕೇಳಿದ ಸಂಗೀತ.

2009ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಲು ಇಷ್ಟ. ಜನ ತಮ್ಮ ಮೆಚ್ಚಿನ, ಮತ್ತೆ ಮತ್ತೆ ಕೇಳಿದ ಸಿ.ಡಿ.ಯ ಹಾಡುಗಳನ್ನು ಕೇಳುತ್ತಿದ್ದಾಗ ಅವರ ಮೆದುಳನ್ನು ಸ್ಕ್ಯಾನ್ ಮಾಡಿದರು. ಸಂಶೋಧಕರಿಗೆ ಬೇಕಿದ್ದದ್ದು ಹಾಡು ಮುಗಿದ ಮೇಲಿನ ಮೌನ. ಕೇಳಲು ಏನೂ ಇಲ್ಲದ ಆ ಕೆಲವು ಸೆಕೆಂಡುಗಳಲ್ಲಿ ಮೆದುಳಿನ ಮುಂಭಾಗ ಚುರುಕಾಗುತ್ತಿತ್ತು. ಅದರಲ್ಲೂ ಚಲನೆಗೆ ತಯಾರಿ ನಡೆಸುವ ಭಾಗಗಳು ಎಚ್ಚೆತ್ತುಕೊಳ್ಳುತ್ತಿದ್ದವು, ಕಿವಿಗೆ ಬೀಳುವ ಮೊದಲೇ ಮುಂದಿನ ಹಾಡು ಒಳಗೆ ಶುರುವಾಗಿರುತ್ತಿತ್ತು. ಕ್ಯಾಸೆಟ್ ಕಾಲದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಎ’ ಬದಿಯ ಮೂರನೆಯ ಹಾಡು ಮುಗಿಯುತ್ತಿದ್ದಂತೆ ಬಾಯಲ್ಲಿ ನಾಲ್ಕನೆಯದು ಬಂದಿರುತ್ತಿತ್ತು. ಇವತ್ತಿಗೂ ಆ ಹಾಡನ್ನು ರೇಡಿಯೋದಲ್ಲಿ ಕೇಳಿದರೆ, ಅದರ ಬೆನ್ನಿಗೆ ಬೇರೆ ಹಾಡು ಬಂದಾಗ ಮನಸ್ಸು ಒಪ್ಪುವುದಿಲ್ಲ.

ಹೀಗೆ ಊಹಿಸುವುದರಲ್ಲೇ ಸುಖವೂ ಇದೆ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವಲೋರಿ ಸಲಿಂಪೂರ್, ರಾಬರ್ಟ್ ಜಟೋರ್ ಮತ್ತು ಸಂಗಡಿಗರು, ಸಂಗೀತ ಕೇಳಿದರೆ ಮೈ ಜುಮ್ಮೆನ್ನುವ ಜನರನ್ನು ಕರೆದು ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸಿದರು. ರೋಮಾಂಚನದ ಹೊತ್ತಿಗೆ ಮೆದುಳಿನ ಆಳದಲ್ಲಿ ಡೋಪಮಿನ್ ಸ್ರವಿಸುವುದು ಸ್ಕ್ಯಾನಿನಲ್ಲಿ ಕಂಡಿತು. ಊಟದ ಸುಖಕ್ಕೂ ಇದೇ ರಾಸಾಯನಿಕ. ಆ ಗಳಿಗೆ ಬರುವುದಕ್ಕೆ ಮೊದಲೇ, ಅದನ್ನು ಕಾಯುತ್ತಿರುವಾಗಲೇ ಇನ್ನೊಂದು ಭಾಗದಲ್ಲಿ ಡೋಪಮಿನ್ ಹರಿಯಲು ಶುರುವಾಗಿರುತ್ತಿತ್ತು. ಬರುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಯುವುದು ಸಾಧ್ಯ. ಆದ್ದರಿಂದಲೇ ಹಳೆಯ ಹಾಡು ನೂರನೆಯ ಸಲವೂ ಕೆಲಸ ಮಾಡುತ್ತದೆ.

ಈ ಅಳತೆಗೋಲು ತಯಾರಾಗಲು ಹದಿಮೂರು ವರ್ಷ ಕಾಯಬೇಕಾಗಿಲ್ಲ. ತೊಟ್ಟಿಲಲ್ಲೇ ಅದರ ಕೆಲಸ ಶುರು. ಎರಿನ್ ಹ್ಯಾನನ್ ಮತ್ತು ಸ್ಯಾಂಡ್ರಾ ಟ್ರಿಹಬ್ ಎಂಬಿಬ್ಬರು 2005ರಲ್ಲಿ ಪ್ರಕಟಿಸಿದ ಸಂಶೋಧನೆ ಕರ್ನಾಟಕದ ಕಿವಿಗಳಿಗೆ ತುಂಬ ಹತ್ತಿರದ್ದು. ಯುರೋಪಿನ ಬಾಲ್ಕನ್ ಸೀಮೆಯ ಜನಪದ ಹಾಡುಗಳಲ್ಲಿ ಏಳು ಎಣಿಕೆಯ ತಾಳಗಳು ಧಾರಾಳ. ಅಂಥ ಹಾಡಿನಲ್ಲಿ ತಾಳ ಕೆಡಿಸಿ ಕೇಳಿಸಿದರೆ ಮ್ಯಾಸಿಡೋನಿಯಾ, ಬಲ್ಗೇರಿಯಾ ಮೂಲದವರು ತಕ್ಷಣ ಹಿಡಿದರು. ಉತ್ತರ ಅಮೆರಿಕದ ದೊಡ್ಡವರಿಗೆ ಗೊತ್ತೇ ಆಗಲಿಲ್ಲ, ಅವರ ಕಿವಿ ಸರಳ ಎಣಿಕೆಗೆ ಒಗ್ಗಿಹೋಗಿತ್ತು. ಆದರೆ ಅದೇ ಅಮೆರಿಕದ ಆರು ತಿಂಗಳ ಕೂಸುಗಳಿಗೆ ಎರಡೂ ಬಗೆಯ ತಾಳ ಕೆಟ್ಟದ್ದು ಗೊತ್ತಾಗುತ್ತಿತ್ತು! ಒಂದು ವರ್ಷ ತುಂಬುವಷ್ಟರಲ್ಲಿ ಅವೂ ಅಪ್ಪ ಅಮ್ಮಂದಿರ ಹಾಗೆ ಆಗಿಬಿಟ್ಟಿದ್ದವು. ಹಾಗಾದ ಮಕ್ಕಳಿಗೆ ಎರಡು ವಾರ ಮನೆಯಲ್ಲಿ ಬಾಲ್ಕನ್ ಸಂಗೀತದ ಸಿ.ಡಿ. ಕೇಳಿಸಿದರು, ಹೋದ ಶಕ್ತಿ ಮರಳಿತು. ದೊಡ್ಡವರಿಗೂ ಸಿ.ಡಿ. ಕೊಟ್ಟು ನೋಡಿದರು, ಅವರಿಗೆ ಅಷ್ಟು ಸಲೀಸಾಗಿ ದಕ್ಕಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದವರು ಅಮ್ಮ. ಚಿಕ್ಕಪ್ಪನ ಕ್ಯಾಸೆಟ್ಟಿನಲ್ಲಿ ‘ಆಲ್ ಯೂ ನೀಡ್ ಈಸ್ ಲವ್’ ಇತ್ತು. ಬೀಟಲ್ಸ್ 1967ರ ಜೂನ್ 25ರಂದು ಉಪಗ್ರಹದ ಮೂಲಕ ಹಲವು ದೇಶಗಳಿಗೆ ನೇರವಾಗಿ ಪ್ರಸಾರ ಮಾಡಿದ ಹಾಡು. ಅದರ ಚರಣಕ್ಕೆ ನಾನು ಮೇಜಿನ ಮೇಲೆ ನಾಲ್ಕು ನಾಲ್ಕು ಎಣಿಸಿ ತಟ್ಟುತ್ತಿದ್ದೆ, ಪ್ರತಿ ಸಲವೂ ದಾರಿ ತಪ್ಪುತ್ತಿತ್ತು. ಅಮ್ಮ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ಬೀಟಲ್ಸ್ ಎಂದರೆ ಯಾರೆಂದೂ ಗೊತ್ತಿರಲಿಲ್ಲ. ಎರಡು ಸಾಲು ಕೇಳಿಸಿಕೊಂಡು, ಮೊಣಕಾಲ ಮೇಲೆ ಬೆರಳು ಮಡಚುತ್ತ, “ನಾಲ್ಕಲ್ಲ ಕಣೋ, ಏಳು. ಮಿಶ್ರಛಾಪಿನ ಹಾಗೆ ಹೋಗ್ತಿದೆ ನೋಡು” ಅಂದರು. ಎಣಿಸಿ ನೋಡಿದೆ, ಹೌದು. ಚರಣದ ಬಹುಭಾಗ ಏಳೇಳೇ. ಮಿಶ್ರಛಾಪಿನ ದೇವರನಾಮಗಳನ್ನು ಕೇಳುತ್ತ, ಹೇಳುತ್ತ ಬೆಳೆದ ಕಿವಿಗೆ ಏಳು ಎನ್ನುವುದು ಮನೆಯ ಅಂಗಳ. ಅಮ್ಮನ ಹಾಡುಗಳು ನನ್ನ ಕಿವಿಗೂ ಬಿದ್ದಿದ್ದವು. ಹೇಳಿದ ಮೇಲೆ ಒಂದೇ ಸಲಕ್ಕೆ ಅದು ಕೂತಿತು.

ಆದರೆ ಎಲ್ಲವೂ ತೊಟ್ಟಿಲಲ್ಲೇ ತೀರ್ಮಾನವಾಗುವುದಾದರೆ ನಾನು ಅಮ್ಮನ ದೇವರನಾಮಗಳಲ್ಲೇ ಉಳಿಯಬೇಕಿತ್ತಲ್ಲ? ಹರೆಯ ಬೇರೆಯದನ್ನೇ ಮಾಡುತ್ತದೆ. 1964ರ ಫೆಬ್ರವರಿ 9ರ ಭಾನುವಾರ ರಾತ್ರಿ ಅಮೆರಿಕದಲ್ಲಿ ಸುಮಾರು 7.3 ಕೋಟಿ ಜನ ಟಿ.ವಿ.ಯ ಎಡ್ ಸಲ್ಲಿವನ್ ಕಾರ್ಯಕ್ರಮದಲ್ಲಿ ಬೀಟಲ್ಸ್ ಬ್ಯಾಂಡನ್ನು ನೋಡಿದರು. ಅಜ್ಜಂದಿರೂ ನೋಡಿದರು, ಅಪ್ಪಂದಿರೂ ನೋಡಿದರು. ಬದುಕಿನ ದಿಕ್ಕೇ ಬದಲಾಯಿತು ಎಂದು ಆಮೇಲೆ ಹೇಳಿಕೊಂಡವರಲ್ಲಿ ಟಾಮ್ ಪೆಟಿಗೆ ಆಗ ಹದಿಮೂರು, ಬಿಲ್ಲಿ ಜೋಯಲ್‌ಗೆ ಹದಿನಾಲ್ಕು. ಇಬ್ಬರೂ ಮುಂದೆ ರಾಕ್ ಸಂಗೀತದ ದೊಡ್ಡ ಹೆಸರುಗಳಾದರು. ಎಲ್ಲರ ಮನೆಗೂ ಬಂದದ್ದು ಅದೇ ಹಾಡು, ಆದರೆ ಆ ವಯಸ್ಸಿನವರಲ್ಲಿ ಅದು ಬೇರೂರಿದ ಬಗೆಯೇ ಬೇರೆ.

ಇದನ್ನು ಅಳೆಯಲು ಹೋದವರೂ ಇದ್ದಾರೆ. ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ, 1932ರಿಂದ 1986ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಬೇರೆ ಬೇರೆ ವಯಸ್ಸಿನವರಿಗೆ ಕೇಳಿಸಿದರು. ತಮಗೆ ಸುಮಾರು ಇಪ್ಪತ್ನಾಲ್ಕಾಗಿದ್ದಾಗ ಬಂದಿದ್ದ ಹಾಡುಗಳಿಗೇ ಜನ ಹೆಚ್ಚು ಮನಸೋತಿದ್ದರು. 2018ರಲ್ಲಿ ಸೇತ್ ಸ್ಟೀವನ್ಸ್-ಡೇವಿಡೋವಿಟ್ಜ್ ಸ್ಪಾಟಿಫೈ ಅಂಕಿಗಳನ್ನು ಜಾಲಾಡಿದಾಗ ಆ ವಯಸ್ಸು ಗಂಡಸರಲ್ಲಿ ಹದಿನಾಲ್ಕಕ್ಕೂ ಹೆಂಗಸರಲ್ಲಿ ಹದಿಮೂರಕ್ಕೂ ಇಳಿಯಿತು. ಅಳೆಯುವ ಬಗೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ, ನಾನಂತೂ ಸಂಖ್ಯೆಗೆ ಜೋತುಬೀಳುವುದಿಲ್ಲ. ಬಾಲ್ಯ ಕಳೆದು ಸಂಸಾರ ಹೂಡುವುದರೊಳಗಿನ ಆ ಕೆಲವು ವರ್ಷಗಳು ಎಂಬುದಷ್ಟು ಗಟ್ಟಿ.

ಆ ವರ್ಷಗಳೇ ಯಾಕೆ? ಸುಖಕ್ಕೆ ತುಡಿಯುವ ಮೆದುಳಿನ ಭಾಗಗಳು ಹರೆಯದಲ್ಲಿ ಉರಿಯುತ್ತಿರುತ್ತವೆ, ಲಗಾಮು ಹಿಡಿಯುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಎಲ್ಲವೂ ಮೊದಲ ಸಲ ಆಗುವ ಕಾಲವೂ ಅದೇ: ಮೊದಲ ಗೆಳೆತನ, ಮೊದಲ ಬಾರಿ ಊರು ಬಿಡುವುದು, ಹೇಳಿಕೊಳ್ಳಲಾಗದೆ ಉಳಿದ ಮೊದಲ ಪ್ರೀತಿ. ವಯಸ್ಸಾದವರನ್ನು ಹಳೆಯದು ಹೇಳಿ ಎಂದು ಕೇಳಿದರೆ ಹತ್ತರಿಂದ ಮೂವತ್ತರೊಳಗಿನ ನೆನಪುಗಳೇ ದಂಡಿಯಾಗಿ ಬರುತ್ತವೆ. ಹಾಡುಗಳು ಆ ನೆನಪುಗಳಿಗೆ ಅಂಟಿಕೊಂಡು ಬರುತ್ತವೆ. ಅದರ ಜೊತೆಗೆ, ನಾನು ಯಾರ ಪೈಕಿ ಎಂದು ಹುಡುಕುವ ವಯಸ್ಸು ಅದು. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬ್ಯಾಂಡು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ದೂರದೂರದಿಂದ ಕರಿ ಟೀ ಶರ್ಟು ತೊಟ್ಟು ಬಂದ ಹುಡುಗರಿಗೆ ಆ ಅಂಗಿಯೇ ಒಂದು ಕುಲವಾಗಿತ್ತು.

ನನ್ನನ್ನು ಹೆಚ್ಚು ತಟ್ಟಿದ್ದು 2013ರ ಇನ್ನೊಂದು ಅಧ್ಯಯನ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹ್ಯಾನ್ಸಲ್, ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ 1955ರಿಂದೀಚೆಗಿನ ಹಿಟ್ ಹಾಡುಗಳನ್ನು ಕೇಳಿಸಿದರು. ಅವರ ಕಾಲದ ಹಾಡುಗಳು ಮೇಲೆ ಬಂದದ್ದು ಸಹಜ. ಆದರೆ ಅವರು ಹುಟ್ಟುವ ಮುಂಚಿನ, 1980ರ ದಶಕದ ಆರಂಭದ ಹಾಡುಗಳಲ್ಲೂ ಮೆಚ್ಚುಗೆಯ ಒಂದು ಉಬ್ಬು ಕಂಡಿತು. ಅವು ಅವರ ಅಪ್ಪ ಅಮ್ಮಂದಿರ ಹರೆಯದ ಹಾಡುಗಳು. ಅದರ ಹಿಂದೆ, ಅರವತ್ತರ ದಶಕದಲ್ಲಿ, ಮತ್ತೊಂದು. ಅಭಿರುಚಿ ಹೀಗೆ ಮನೆಯ ಪಾತ್ರೆಗಳಂತೆ ಕೈಯಿಂದ ಕೈಗೆ ದಾಟುತ್ತದೆ.

ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿಯ ಮನೆಯಲ್ಲೂ ಹಾಗೇ ಆಗಿತ್ತು. ಅವನ ಅಪ್ಪ ಜಿಮ್ 1920ರ ದಶಕದಲ್ಲಿ ಲಿವರ್‌ಪೂಲ್‌ನಲ್ಲಿ ಜಾಝ್ ಬ್ಯಾಂಡ್ ಕಟ್ಟಿ ನುಡಿಸಿದ್ದವರು, ಮನೆಯಲ್ಲಿ ಪಿಯಾನೊ ಇತ್ತು. ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಟ್ರಂಪೆಟ್ಟನ್ನು ಪಾಲ್ ಅಂಗಡಿಗೆ ಕೊಟ್ಟು ಗಿಟಾರ್ ತಂದ, ಟ್ರಂಪೆಟ್ ಊದುತ್ತ ಹಾಡಲಾಗುವುದಿಲ್ಲವಲ್ಲ. ರಾಕ್ ಅಂಡ್ ರೋಲ್ ಅವನನ್ನು ಎಳೆದುಕೊಂಡು ಹೋಯಿತು. ಆದರೂ ಹರೆಯದಲ್ಲೇ ಅವನು ಕಟ್ಟಿದ ಒಂದು ಧಾಟಿ ಅಪ್ಪನ ಕಾಲದ ರಂಗಮಂದಿರದ ಹಾಡುಗಳ ಹಾಗಿತ್ತು. ಅದು 1967ರ ಆಲ್ಬಮಿನಲ್ಲಿ ‘ವೆನ್ ಐ ಆ್ಯಮ್ ಸಿಕ್ಸ್ಟಿ ಫೋರ್’ ಆಗಿ ಬಂತು. ಧ್ವನಿಮುದ್ರಣ ನಡೆದ 1966ರಲ್ಲಿ ಅಪ್ಪನಿಗೆ ನಿಜಕ್ಕೂ ಅರವತ್ತನಾಲ್ಕು.

ಹಾಗೆಂದು ಕಿವಿ ಮುಚ್ಚಿಹೋಗುವುದಿಲ್ಲ. ಸಲಿಂಪೂರ್ ಅವರೇ 2013ರಲ್ಲಿ, ಜನರಿಗೆ ಹಿಂದೆಂದೂ ಕೇಳದ ಹಾಡುಗಳನ್ನು ಕೇಳಿಸಿ, ಎಷ್ಟು ದುಡ್ಡು ಕೊಟ್ಟು ಕೊಳ್ಳುತ್ತೀರಿ ಎಂದು ಕೇಳಿದರು. ಸುಖದ ಕೇಂದ್ರವೂ ಶಬ್ದದ ನೆನಪಿರುವ ಶ್ರವಣ ಭಾಗವೂ ಎಷ್ಟು ಬಿಗಿಯಾಗಿ ಮಾತಾಡಿಕೊಳ್ಳುತ್ತಿದ್ದವೋ ಅಷ್ಟು ಹೆಚ್ಚು ದುಡ್ಡು ಕೊಡಲು ಜನ ತಯಾರಿದ್ದರು. ಹೊಸ ಹಾಡನ್ನು ಕೂಡ ನಾವು ಹಳೆಯ ಹಾಡುಗಳ ಬೆಳಕಿನಲ್ಲೇ ಕೇಳುತ್ತೇವೆ. “ಈಗಿನವರದ್ದು ಹಾಡೇ ಅಲ್ಲ” ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರ ಊಹೆಗೆ ಆ ಹಾಡು ಇನ್ನೂ ಸಿಕ್ಕಿಲ್ಲ, ಅಷ್ಟೆ. ನಾಲ್ಕು ಸಲ ಕೇಳಿದರೆ ಸಿಕ್ಕೀತು.

ಮೊನ್ನೆ ಮಗಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ ‘ಹಿಯರ್ ಕಮ್ಸ್ ದ ಸನ್’ ಗುನುಗುತ್ತಿದ್ದಳು. ಅವಳು ಆ ಕ್ಯಾಸೆಟ್ಟನ್ನು ಕಂಡವಳಲ್ಲ, ನಾನು ಅಡುಗೆಮನೆಯಲ್ಲಿ ಗುನುಗುವುದನ್ನು ಕೇಳಿ ಕಲಿತವಳು. ನಡುವೆ ಒಂದು ಕಡೆ ಸ್ವರವನ್ನು ತುಸು ಕೆಳಗೆ ಜಾರಿಸಿ, ತಟ್ಟನೆ ಮೇಲೆ ತಂದಳು.