ಎಲೆಯ ಮೇಲಿನ ಗಂಟು ಹುಳುವಿಗೆ ಸೆರೆಮನೆಯೇ?

ಪ್ರಶ್ನೆ: ನಮ್ಮ ಮಾವಿನ ಎಲೆಗಳ ತುಂಬ ಗುಳ್ಳೆಗಳೆದ್ದಿವೆ. ಹುಳುವನ್ನು ಕೂಡಿಹಾಕಲು ಮರವೇ ಹೀಗೆ ಗಂಟು ಕಟ್ಟುತ್ತದಂತೆ, ನಿಜವೇ?

ಅಲ್ಲ. ಪ್ರತಿ ವರ್ಷ ಚಿಗುರು ಬಲಿಯುವ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಸೊಳ್ಳೆಗಿಂತ ಚಿಕ್ಕದಾದ ನೊಣವೊಂದು ಎಳೆಯ ಎಲೆಯಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಗೆ ಸೇರಿ ತಿನ್ನತೊಡಗಿದಂತೆ ಸುತ್ತಲಿನ ಜೀವಕೋಶಗಳು ಹಿಗ್ಗುತ್ತವೆ, ಒಡೆದು ಒಡೆದು ಹೆಚ್ಚುತ್ತವೆ. ಇನ್ನೂ ರೂಪು ತಳೆಯುತ್ತಿರುವ ಕೋಶಗಳನ್ನು ಹೀಗೆ ದಾರಿ ತಪ್ಪಿಸುವುದು ಸುಲಭ. ಬಲಿತ ಎಲೆ ಬಗ್ಗುವುದಿಲ್ಲ.

ಇನ್ನು ಆ ಸೆರೆಮನೆಯ ಮಾತು. ಓಕ್ ಮರದಲ್ಲಿ ಕಣಜಗಳು ಎಬ್ಬಿಸುವ ಗಂಟನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ. ಹೊರಗೆ ಒಗರಿನ ಗಟ್ಟಿ ಪದರ. ಒಳಗೆ, ಹುಳುವಿನ ಬಾಯಿಗೆ ತಾಗುವಂತೆ, ಸಕ್ಕರೆ, ಪ್ರೋಟೀನು, ಕೊಬ್ಬು ತುಂಬಿದ ಮೆತ್ತನೆಯ ಕೋಶಗಳ ಒಳಪದರ. ಅವುಗಳ ಕೋಶಕೇಂದ್ರಗಳೂ ಊದಿಕೊಂಡಿರುತ್ತವೆ. ಕೂಡಿಹಾಕಿದ ವೈರಿಗೆ ಯಾವ ಮರ ಹೀಗೆ ಉಣಬಡಿಸುತ್ತದೆ? ಹುಳು ಅರ್ಧಕ್ಕೇ ಸತ್ತರೆ ಗಂಟೂ ಅಲ್ಲಿಗೇ ನಿಲ್ಲುತ್ತದೆ. ಒಂದೇ ಓಕ್ ಮರದಲ್ಲಿ ಒಂದು ಜಾತಿಯ ಕಣಜದ ಗಂಟು ಗೋಲಿಯಂತೆ, ಇನ್ನೊಂದರದು ಅಂಗಿಯ ಗುಂಡಿಯಂತೆ. ಅಂಗಾಂಶ ಮರದ್ದು, ಆಕಾರ ಕೀಟದ್ದು.

ಭತ್ತದ ಗದ್ದೆಯಲ್ಲಿ ಇದು ಇನ್ನೂ ಸ್ಪಷ್ಟ. ಕಣೆ ನೊಣದ ಹುಳು ಸೇರಿದ ತೆಂಡೆ, ಅಂದರೆ ಬುಡದಿಂದೊಡೆದ ಕವಲು, ಈರುಳ್ಳಿ ಎಲೆಯಂಥ ಟೊಳ್ಳು ಕೊಳವೆಯಾಗುತ್ತದೆ, ಅದರಲ್ಲಿ ತೆನೆ ಬರುವುದಿಲ್ಲ. ನಿರೋಧಕ ಶಕ್ತಿಯುಳ್ಳ ಕೆಲವು ತಳಿಗಳಲ್ಲಿ ಮಾತ್ರ ಹುಳುವಿನ ಸುತ್ತಲಿನ ಕೋಶಗಳು ತಾವಾಗಿ ಸತ್ತು ಕಂದುತ್ತವೆ, ಹುಳುವೂ ಸಾಯುತ್ತದೆ. ಗಿಡದ ಹೋರಾಟ ಎಂದರೆ ಅದು. ಅಲ್ಲಿ ಕೊಳವೆ ಏಳುವುದೇ ಇಲ್ಲ.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಗ್ರಂಧಿಗೆ ಅಂಗಡಿಯ ಮಾಚಿಕಾಯಿ ಕಾಯಿಯೇ ಅಲ್ಲ! ಟರ್ಕಿ, ಸಿರಿಯಾ, ಇರಾನ್ ಕಡೆಯ ಓಕ್ ಮರದ ಮೇಲೆ ಕಣಜವೊಂದು ಎಬ್ಬಿಸಿದ ಗಂಟು ಅದು. ಅದರ ಒಗರಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಾಡಿದ ಕಪ್ಪು ಶಾಯಿಯಲ್ಲೇ ಯುರೋಪು ಶತಮಾನಗಳ ಕಾಲ ಬರೆಯಿತು. ಮನೆಯಲ್ಲಿದ್ದರೆ ತಿರುಗಿಸಿ ನೋಡಿ. ಸಣ್ಣ ದುಂಡು ತೂತಿದ್ದರೆ ಕಣಜ ಕೊರೆದು ಹಾರಿಹೋಗಿದೆ. ತೂತಿಲ್ಲದ್ದರಲ್ಲಿ ಒಗರು ಹೆಚ್ಚು, ಬೆಲೆಯೂ ಹೆಚ್ಚು. ಒಡೆದರೆ ನಟ್ಟನಡುವಿನ ಪುಟ್ಟ ಕೋಣೆಯಲ್ಲಿ ಒಣಗಿದ ಕಣಜ ಸಿಕ್ಕೀತು.